ಗೂಬೆ ಸಾಕಿದ ಟೀಚರು

ಹೋದ ವಾರ ಸಾರಿಗೆಂದು ಬುಟ್ಟಿಯಿಂದ ಒಂದು ಕೊಬ್ಬರಿ ಬಟ್ಟಲು ತೆಗೆದರೆ ಅದರ ಅಂಚನ್ನು ಇಲಿ ಕೆರೆದಿತ್ತು. ಮೂಗಿನ ಹತ್ತಿರ ಹಿಡಿದೆ. ಕಮಟು ಎಣ್ಣೆ, ಒಂದಿಷ್ಟು ಹೊಗೆ, ಇಲಿ ಓಡಾಡಿದ ಜಾಗದ ಘಾಟು, ಎಲ್ಲ ಬೆರೆತ ವಾಸನೆ... ಎಸೆಯಲು ಮನಸ್ಸಾಗದೆ ಹಾಗೇ ನಿಂತಿದ್ದೆ. ನಲವತ್ತು ವರ್ಷಕ್ಕೂ ಹಿಂದೆ, ಬಿಳಿಗೆರೆಯ ನಮ್ಮ ಮನೆಯ ಬೀದಿ ಬದಿಯ ಕೋಣೆಯಲ್ಲಿ ಒಬ್ಬ ಟೀಚರು ಬಾಡಿಗೆಗಿದ್ದರು. ಅವರ ಕೋಣೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಮ್ಮವರು ಬೆಳಿಗ್ಗೆ ತಿಪಟೂರಿನ ಮಂಡಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುತ್ತಿದ್ದದ್ದು. ಮಾವನವರು ತೋಟದಲ್ಲಿ. ಅತ್ತೆ ಕೆಟ್ಟವರಲ್ಲ, ಆದರೆ ಅವರ ಮಾತೆಲ್ಲ ಅವರ ಬಿಳಿ ಬೆಕ್ಕಿನ ಜೊತೆ ಮುಗಿದುಹೋಗುತ್ತಿತ್ತು. ಮನೆಯುದ್ದಕ್ಕೂ ಅಟ್ಟ. ಅದರ ಮೇಲೆ ಹರಡಿದ ತೆಂಗಿನಕಾಯಿಗಳು ವರ್ಷದ ಹತ್ತಿರ ಒಣಗಿ ಕೊಬ್ಬರಿಯಾಗುತ್ತಿದ್ದವು. ಒಳಗಿನ ನೀರು ಇಂಗಿದ ಮೇಲೆ ಇಲಿಯೊಂದು ಕಾಯಿಯನ್ನು ಉರುಳಿಸಿದರೂ ಕೆಳಗೆ ಲೊಟಲೊಟ ಸದ್ದು ಕೇಳುತ್ತಿತ್ತು. ಎಷ್ಟೋ ಮಧ್ಯಾಹ್ನ ನನಗೆ ಕೇಳಿಸುತ್ತಿದ್ದದ್ದು ಅದೊಂದೇ ಸದ್ದು.

ಟೀಚರು ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುತ್ತಿದ್ದರು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಭಾನುವಾರ ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗಿಸುತ್ತ ಜಗಲಿಯ ಮೇಲೆ ಒಬ್ಬರೇ ಕೂರುತ್ತಿದ್ದರು. ಹಬ್ಬಕ್ಕೂ ಊರಿಗೆ ಹೋಗುತ್ತಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮಿಬ್ಬರ ನಡುವೆ ಮಾತು ಶುರುವಾದದ್ದು ಗೂಬೆಯಿಂದ. ಅಟ್ಟದ ಮೂಲೆಯಲ್ಲಿ, ಹೆಂಚು ಸರಿದ ಸಂದಿಯಿಂದ ಬಂದು ಹೋಗುವ ಒಂದು ಜೋಡಿ ಗೂಬೆಗಳಿದ್ದವು. ಬಿಳಿ ಮುಖದವು. ಅತ್ತೆ ಅವುಗಳ ಹೆಸರನ್ನೂ ಎತ್ತದೆ ಬರೀ ‘ಅದು’ ಅನ್ನುತ್ತಿದ್ದರು. ಒಂದು ದಿನ ನಾನು ಹಿತ್ತಿಲು ಗುಡಿಸುವಾಗ ಗೋಡೆಯ ಬುಡದಲ್ಲಿ ಕಪ್ಪು ಕೂದಲಿನ ಉಂಡೆಯೊಂದು ಬಿದ್ದಿತ್ತು. ಟೀಚರು ಬಂದು, ತಲೆಯ ಪಿನ್ನು ತೆಗೆದು ಅದನ್ನು ಬಿಡಿಸಿದರು. ಒಳಗೆ ಎಳೆ ಎಳೆ ಮೂಳೆ, ಹಳದಿ ಹಲ್ಲಿನ ಪುಟ್ಟ ತಲೆಬುರುಡೆ.

“ಹೆದರ್ಕೋಬೇಡಿ ಕಣ್ರೀ. ಗೂಬೆ ಇಲೀನ ಇಡಿಯಾಗಿ ನುಂಗುತ್ತೆ. ಅರಗದೇ ಇರೋದನ್ನ ಹೀಗೆ ಉಗುಳುತ್ತೆ” ಅಂದರು.

ಆಮೇಲೆ ಅಲ್ಲೇ ಕೂತು, ಮಕ್ಕಳಿಗೆ ಹೇಳುವಂತೆ ಹೇಳಿದರು. ಬಿಸಿಲು ಗರಿಯ ಮೇಲೆ ಬೀಳುತ್ತೆ, ಮರ ಆ ಬಿಸಿಲನ್ನು ಹಿಡಿದು ಕಾಯಿಯೊಳಗೆ ಇಡುತ್ತೆ, ಕಾಯಿ ತಿಂದ ಇಲಿಯ ಮೈಗೆ ಅದೇ ಹೋಗುತ್ತೆ, ಇಲಿ ತಿಂದ ಗೂಬೆಗೆ ಮತ್ತೆ ಅದೇ. ಆದರೆ ಪ್ರತಿ ಮೆಟ್ಟಿಲಲ್ಲೂ ಹತ್ತರಲ್ಲಿ ಒಂದು ಪಾಲಿನಷ್ಟೇ ಮೇಲಕ್ಕೆ ಹೋಗುವುದು.

“ಮಿಕ್ಕಿದ್ದು ಏನಾಯ್ತದೆ?” ಎಂದು ಕೇಳಿದೆ.

“ಓಡಾಡೋಕೆ, ಉಸಿರಾಡೋಕೆ, ಮೈ ಬೆಚ್ಚಗಿಟ್ಕೊಳ್ಳೋಕೆ ಖರ್ಚಾಗುತ್ತೆ. ಕಾವಾಗಿ ಹೊರಟುಹೋಗುತ್ತೆ, ಮತ್ತೆ ವಾಪಸ್ ಬರಲ್ಲ. ಅದಕ್ಕೇ ನೋಡಿ, ತೋಟದ ತುಂಬ ಮರ, ಅಟ್ಟದ ತುಂಬ ಇಲಿ, ಗೂಬೆ ಮಾತ್ರ ಎರಡೇ.” ಸ್ವಲ್ಪ ತಡೆದು, “ಮೇಲೆ ಹೋದಷ್ಟೂ ಜೊತೆ ಕಡಿಮೆ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲಿಂದ ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಹಿತ್ತಿಲ ಬಾಗಿಲಲ್ಲಿ ಒಂದಷ್ಟು ಹೊತ್ತು ಮಾತು, ಒಮ್ಮೊಮ್ಮೆ ಓದಲೆಂದು ಅವರು ತಂದುಕೊಟ್ಟ ಒಂದು ಪುಸ್ತಕ. ಅಷ್ಟು ಹೊತ್ತಿಗಾಗಿ ನಾನು ಇಡೀ ಹಗಲು ಕಾಯುತ್ತಿದ್ದೆ.

ಮಾರನೆಯ ವರ್ಷ ಇಲಿಗಳು ಹೆಚ್ಚಾದವು. ಮಾವನವರು ರಾಗಿಹಿಟ್ಟಿನಲ್ಲಿ ಇಲಿ ಪಾಷಾಣ ಕಲಸಿ ಅಟ್ಟದ ಮೇಲೆ ಇಡಲು ಹೊರಟರು. ಟೀಚರು ಏಣಿಯ ಹತ್ತಿರ ನಿಂತು ಬೇಡಿಕೊಂಡರು.

“ವಿಷ ಇಲಿ ಹೊಟ್ಟೇಲೇ ನಿಲ್ಲಲ್ಲ ಯಜಮಾನ್ರೇ. ಇಲೀನ ಗೂಬೆ ತಿನ್ನುತ್ತೆ, ಬೆಕ್ಕು ತಿನ್ನುತ್ತೆ, ಕೇರೆಹಾವು ತಿನ್ನುತ್ತೆ. ವಿಷ ತಿಂದ ಇಲಿ ಓಡಲಾರದು, ಅದನ್ನೇ ಅವು ಮೊದಲು ಹಿಡಿಯೋದು.”

“ಕಾಯೆಲ್ಲ ತೂತು ಮಾಡವೆ ಕಣವ್ವ, ನಾನೇನ್ ಮಾಡ್ಲಿ? ಗೂಬೆ ಹೋದ್ರೆ ಪೀಡೆ ಹೋಯ್ತು ಬುಡು” ಎಂದು ಮಾವನವರು ಏಣಿ ಹತ್ತಿದರು.

ಮೊದಲು ಸತ್ತದ್ದು ಅತ್ತೆಯ ಬೆಕ್ಕು. ತೆವಳಿಕೊಂಡು ಬಂದು ಒಲೆಯ ಮುಂದೆ, ಅವರ ಕೈಯಡಿಯಲ್ಲೇ ಪ್ರಾಣ ಬಿಟ್ಟಿತು. ಅತ್ತೆ ಅಳಲಿಲ್ಲ. ಕರಿಬೇವಿನ ಗಿಡದ ಬುಡದಲ್ಲಿ ತಾವೇ ಅಗೆದು ಮಣ್ಣು ಮಾಡಿದರು. ಆಮೇಲೆ ಕೊಟ್ಟಿಗೆಯ ಹತ್ತಿರ ಒಂದು ಗೂಬೆ ರೆಕ್ಕೆ ಹರವಿಕೊಂಡು ಬಿದ್ದಿತ್ತು. ಇನ್ನೊಂದು ಮತ್ತೆ ಕಾಣಿಸಲೇ ಇಲ್ಲ...

ಅದಾದ ಮೇಲೆ ಅಟ್ಟದಿಂದ ಬುಸ್ ಬುಸ್ ಎಂಬ ಸದ್ದು. ಹಾವೆಂದು ನಾವು ಹೆದರಿದೆವು. ಟೀಚರು ಟಾರ್ಚು ಹಿಡಿದು ಹತ್ತಿ, ಸೆರಗಿನಲ್ಲಿ ಏನೋ ಸುತ್ತಿಕೊಂಡು ಇಳಿದರು. ಗೂಬೆಯ ಮರಿ. ಪಕ್ಕದಲ್ಲಿದ್ದ ಮರಿಗಳು ಸತ್ತಿದ್ದವಂತೆ. ಇದೊಂದು ಮುದುಕಿಯಂಥ ಮುಖ ಮಾಡಿಕೊಂಡು ಟೀಚರ ಕೋಣೆಯ ಬಿದಿರು ಕುಕ್ಕೆಯಲ್ಲಿ ಕೂತು ಬುಸುಗುಟ್ಟುತ್ತಿತ್ತು.

ಟೀಚರು ಮೊಟ್ಟೆಯನ್ನೂ ಮುಟ್ಟದವರು. ಅವರೀಗ ಸ್ಕೂಲಿನ ಉಗ್ರಾಣದಲ್ಲಿ, ಗದ್ದೆ ಬದುವಿನಲ್ಲಿ ಬೋನಿಟ್ಟು ಇಲಿ ಹಿಡಿಯತೊಡಗಿದರು. ಬಚ್ಚಲ ಹಿಂದೆ ಕೂತು ಬ್ಲೇಡಿನಲ್ಲಿ ತುಂಡು ಮಾಡಿದ ಮೊದಲ ದಿನ ವಾಂತಿ ಮಾಡಿಕೊಂಡರು. ಬಾಯಿ ತೊಳೆದು ಬಂದು ಮತ್ತೆ ಕೂತರು. “ಹಾಲು, ಅನ್ನ ಕೊಟ್ರೆ ಇದು ಬದುಕಲ್ಲ ಕಣ್ರೀ. ಇದರ ದಾರಿ ಇದೇ” ಅಂದರು.

ಮಾವನವರಿಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಅಂಗಳದಲ್ಲಿ ನಿಂತು ಕೂಗಾಡಿದರು. “ಲಿಂಗ ಕಟ್ಟಿದ ಮನೆ ಕಣವ್ವ ಇದು! ಇಲ್ಲಿ ಮಾಂಸ ಕುಯ್ತೀಯಾ? ಇವತ್ತೇ ಖಾಲಿ ಮಾಡು.”

ಟೀಚರು ತಲೆ ತಗ್ಗಿಸಿ ನಿಂತಿದ್ದರು. ಅಕ್ಕಪಕ್ಕದವರು ಬಾಗಿಲಿಗೆ ಬಂದಿದ್ದರು. ಆಗ ಅಡಿಗೆಮನೆಯಿಂದ ಅತ್ತೆ ಹೊರಗೆ ಬಂದರು. ಅಷ್ಟು ಜನರ ಮುಂದೆ ಅವರು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನನ್ ಬೆಕ್ಕು ಏನ್ ತಿಂತಿತ್ತು? ಇಷ್ಟ್ ವರ್ಷ ಇಲಿ ತಿಂದ್ಕಂಡೇ ತಾನೇ ನಿಮ್ ಪಕ್ಕದಲ್ಲಿ ಮಲಗ್ತಿತ್ತು? ಅದು ಹಾರೋಗಂಟ ಇರ್ಲಿ ಬುಡಿ.”

ಮಾವನವರು ಹೆಗಲ ಮೇಲಿನ ಟವೆಲ್ಲು ಕೊಡವಿದರು. “ಆಯ್ತು. ಹಾರಿದ ಮೇಲೆ ಈಯಮ್ಮನೂ ಹೋಗ್ಬೇಕು” ಅಂದು ತೋಟಕ್ಕೆ ನಡೆದರು.

ಹಾಗಾಗಿ ಮರಿ ಬೆಳೆದಂತೆಲ್ಲ ಟೀಚರು ಹೊರಡುವ ದಿನ ಹತ್ತಿರವಾಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಆದರೂ ಒಂದು ಹೊತ್ತೂ ಅದನ್ನು ಹಸಿದಿರಲು ಬಿಡಲಿಲ್ಲ. ಪುಕ್ಕ ಬಂತು, ಮುಖ ಬೆಳ್ಳಗಾಯಿತು, ಕುಕ್ಕೆಯಿಂದ ಮಂಚಕ್ಕೆ, ಮಂಚದಿಂದ ಕಿಟಕಿಗೆ ನೆಗೆಯಿತು. ಇನ್ನಷ್ಟು ದಿನ ಹಾರದಿರಲಿ ಎಂದು ನಾನು ದೇವರಮನೆಯಲ್ಲಿ ನಿಂತು ಕೇಳಿಕೊಂಡೆ. ಒಂದು ಸಂಜೆ, ದನಗಳು ಮನೆಗೆ ಬರುವ ಹೊತ್ತಿಗೆ, ಅದು ಕಿಟಕಿಯಿಂದ ಎದ್ದು, ಸದ್ದೇ ಇಲ್ಲದೆ ತೋಟದ ಮೇಲೆ ಹಾರಿಹೋಯಿತು. ಟೀಚರು ಕತ್ತು ಎತ್ತಿ ನೋಡುತ್ತಲೇ ಇದ್ದರು. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದರು.

ಅಷ್ಟು ಹೊತ್ತಿಗೆ ಅವರು ಬೇರೆ ಕಡೆಗೆ ವರ್ಗ ಕೇಳಿದ್ದರಂತೆ; ನನಗೆ ಹೇಳಿರಲಿಲ್ಲ. ಅತ್ತೆ ಅವರಿಗೆ ಮಡಿಲು ತುಂಬಿ, “ಬೈಕಬೇಡ ಕಣವ್ವ” ಅಂದರು. ನಾನು ಕಿಬ್ಬನಹಳ್ಳಿಯವರೆಗೂ ಜೊತೆಗೆ ಹೋದೆ. ಬಸ್ಸು ಬಂದಾಗ ಟೀಚರು ನನ್ನ ಕೈ ಹಿಡಿದು, “ಓದೋದು ಬಿಡಬೇಡಿ” ಅಂದರು. ಏನಾದರೂ ಹೇಳಬೇಕಿತ್ತು... ನಾನು ಟ್ರಂಕನ್ನು ಎತ್ತಿ ಬಸ್ಸಿನೊಳಗೆ ಕೊಟ್ಟೆ.

ಮುಂದಿನ ವರ್ಷಗಳಲ್ಲಿ ಆ ಕೋಣೆಯಲ್ಲಿ ತೆಂಗಿನ ಸಿಪ್ಪೆ ತುಂಬಿದರು. ಅಟ್ಟದ ಸಂದಿಯನ್ನು ಹೆಂಚು ಹಾಕಿ ಮುಚ್ಚಿದರು. ಮಾವನವರು ಇಲಿಗಳನ್ನು ಬೈಯುತ್ತಲೇ ಇದ್ದರು, ಪಾಷಾಣವನ್ನು ಮಾತ್ರ ಮತ್ತೆ ಮನೆಗೆ ತರಲಿಲ್ಲ. ಅತ್ತೆ ಇನ್ನೊಂದು ಬೆಕ್ಕನ್ನು ಸಾಕಲಿಲ್ಲ. ನನ್ನ ಸಂಜೆಗಳೂ ಹಗಲಿನಂತೆಯೇ ಉದ್ದವಾದವು.

ಎಷ್ಟೋ ವರ್ಷದ ಮೇಲೆ ತುರುವೇಕೆರೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು ಮಾತಿಗೆ ಮಾತು ಬಂದು, ತಾವೂ ಟೀಚರಾಗಿದ್ದವರು ಅಂದರು. ನಮ್ಮ ಟೀಚರ ಜೊತೆ ಕೊನೆಯ ಸ್ಕೂಲಿನಲ್ಲಿ ಕೆಲಸ ಮಾಡಿದ್ದರಂತೆ. ಟೀಚರು ರಿಟೈರಾದ ಮೇಲೆ ಬಾಡಿಗೆ ಮನೆಯಲ್ಲೇ ತೀರಿಕೊಂಡರು, ಸ್ಕೂಲಿನವರೇ ಮುಂದೆ ನಿಂತು ಎಲ್ಲ ಮಾಡಿದರು ಅಂದರು. ನಾನು ಕಿಟಕಿ ಕಡೆ ತಿರುಗಿಕೊಂಡೆ.

“ನಿಮಗೆ ಅವರು ಏನಾಗ್ಬೇಕಿತ್ತು?” ಎಂದು ಆಕೆ ಕೇಳಿದರು.

“ಏನೂ ಇಲ್ಲ. ನಮ್ಮನೇಲಿ ಬಾಡಿಗೆಗಿದ್ರು” ಅಂದೆ.

ಈಗ ಅತ್ತೆಯೂ ಇಲ್ಲ, ಮಾವನವರೂ ಇಲ್ಲ, ನಮ್ಮವರೂ ಇಲ್ಲ. ಆ ಮನೆಯಲ್ಲಿ ಟೀಚರನ್ನು ಕಂಡಿದ್ದವರಲ್ಲಿ ಈಗ ಇರುವವಳು ನಾನೊಬ್ಬಳೇ. ಆ ಪ್ರಶ್ನೆಗೆ ಇವತ್ತಾದರೆ ಬೇರೆ ಉತ್ತರ ಕೊಡುತ್ತಿದ್ದೆ... ಆದರೆ ಅದನ್ನು ಕೇಳುವವರು ಯಾರೂ ಉಳಿದಿಲ್ಲ.