ಕಪ್ಪು ಅಂಚಿನ ಮಾಸ್ಕ್

ಬೆಳಿಗ್ಗೆ ಲಾಡ್ಜಿನಲ್ಲಿ ನಮ್ಮ ಯಜಮಾನರ ಬನಿಯನ್ ಒಗೆದೆ, ಫ್ಲಾಸ್ಕಿಗೆ ಕಾಫಿ ಹಾಕಿಸಿದೆ, ಶಿಡ್ಲಘಟ್ಟದಲ್ಲಿರುವ ಓರಗಿತ್ತಿಗೆ ಫೋನ್ ಮಾಡಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿದಳೇ ಎಂದು ಕೇಳಿದೆ. ಆಮೇಲೆ ಮುರುಡೇಶ್ವರದ ಡೈವಿಂಗ್ ಅಂಗಡಿಗೆ ಹೋದೆವು. ಕಡಲಿನ ಒಳಗೆ ನೋಡಬೇಕೆಂಬ ಆಸೆ ನನ್ನದು. ಆದರೆ ನನಗೆ ಕಿವಿ ಸೋರುತ್ತದೆಂದು ತಿಳಿದು, ಅಂಗಡಿಯವರು ನೀರಿಗಿಳಿಸುವುದಿಲ್ಲ ಎಂದುಬಿಟ್ಟರು. ನನ್ನ ಬದಲು ಇವರು ಇಳಿಯುವುದೆಂದಾಯಿತು.

ನೀರೊಳಗೆ ನೋಡಲು ಕಣ್ಣು-ಮೂಗಿನ ಮೇಲೆ ಹಾಕುವ ಮಾಸ್ಕ್ ಆರಿಸಬೇಕಿತ್ತು. ಮುಖಕ್ಕೆ ಅಂಟುವ ರಬ್ಬರ್ ಅಂಚು ಒಂದರಲ್ಲಿ ಗಾಜಿನಂತೆ ತಿಳಿ, ಇನ್ನೊಂದರಲ್ಲಿ ಕಪ್ಪು. ಎರಡನ್ನೂ ನಾನೇ ಹಾಕಿ ನೋಡಿದೆ. ತಿಳಿ ಅಂಚಿನದರಲ್ಲಿ ಪಕ್ಕದಿಂದೆಲ್ಲ ಬೆಳಕು ನುಗ್ಗಿತು. ಕಪ್ಪಿನದರಲ್ಲಿ ಅಂಗಡಿಯೇ ಮಾಯವಾಗಿ, ಬಾಗಿಲಾಚೆಯ ಕಡಲು ಮಾತ್ರ ಉಳಿಯಿತು. ತೆಗೆಯಲು ಮನಸ್ಸಾಗಲಿಲ್ಲ.

“ಗಾಜಿನಂಥದೇ ಇರ್ಲಿ ಕಣೇ, ಫೋಟೋದಲ್ಲಿ ಮುಖ ಕಾಣುತ್ತೆ,” ಅಂದರು ಇವರು.

“ಆ ಮುಖಾನ ಇಪ್ಪತ್ತೈದು ವರ್ಷದಿಂದ ನೋಡ್ತಾನೇ ಇದೀನಲ್ಲ! ಕರೀದು ಹಾಕ್ಕೊಳ್ರೀ. ಒಂದೂ ಬಿಡ್ದಂಗೆ ನೋಡ್ಕೊಂಡು ಬಂದು ನಂಗೆ ಹೇಳ್ಬೇಕು.”

ಮಧ್ಯಾಹ್ನ ಒದ್ದೆ ತಲೆಯಲ್ಲೇ ಲಾಡ್ಜಿಗೆ ಬಂದರು. ಅನ್ನ, ಸಾರು, ಹಪ್ಪಳ ತಿಂದೆವು. ಹಾಸಿಗೆಗೆ ಒರಗಿ, “ಹಳದಿ ಮೀನು ಕಣೇ, ಗುಂಪುಗುಂಪು... ಆಮೇಲೆ...” ಅಂದರು. ಆಮೇಲೇನೆಂದು ಕಾದು ಕೂತೆ. ಇವರು ಆಗಲೇ ನಿದ್ದೆಹೋಗಿದ್ದರು. ಹಣೆಯ ಮೇಲೆ ಮಾಸ್ಕ್ ಒತ್ತಿದ ಗುರುತು ಇನ್ನೂ ಮಾಸಿರಲಿಲ್ಲ.