ನಂಜುಂಡಯ್ಯನವರ ಮರಗಪ್ಪೆ

ನಮ್ಮ ಸೊಸೆಗೆ ಬಾಳೆಹಣ್ಣಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೂ ಆಗುವುದಿಲ್ಲ. ನಿನ್ನೆ ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿ ಮರೆತುಹೋಗಿದ್ದ ಅರ್ಧ ಚಿಪ್ಪು ಏಲಕ್ಕಿ ಬಾಳೆ ಸಿಕ್ಕಿತು. ಸಿಪ್ಪೆ ಪೂರ್ತಿ ಕಪ್ಪಾಗಿ, ಮೇಲೆ ಸಾಸಿವೆಕಾಳಿನಷ್ಟು ಸಣ್ಣ ನೊಣಗಳು ಎದ್ದು ಕೂತು ಮಾಡುತ್ತಿದ್ದವು. ಅವಳು ಮೂಗು ಮುಚ್ಚಿಕೊಂಡು ಕಸದ ಬುಟ್ಟಿಗೆ ಹಾಕಲು ಹೊರಟಾಗ, "ಸ್ವಲ್ಪ ತಾಳಮ್ಮ" ಎಂದು ಹತ್ತಿರ ಹೋಗಿ ಮೂಸಿದೆ. ಸಿಹಿಯೂ ಹುಳಿಯೂ ಬೆರೆತು ಹೆಂಡಕ್ಕೆ ಹತ್ತಿರವಾದ ವಾಸನೆ. ಮಾವನಿಗೆ ಏನಾಯಿತೋ ಎಂಬಂತೆ ಅವಳು ನನ್ನನ್ನು ನೋಡಿದಳು. ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಒಳ್ಳೆಯ ಹಣ್ಣನ್ನು ಅಂಗಡಿಯಿಂದ ತಂದು, ದಿನ ಎಣಿಸಿ ಕೊಳೆಸುತ್ತಿದ್ದೆವು ಎಂದು ಅವಳಿಗೆ ಹೇಗೆ ಹೇಳಲಿ? ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನಿಮಗೆ ಆಫೀಸಿಗೆ ಹೊತ್ತಾಗಿರಲಾರದು.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಜಯನಗರದ ಒಂಬತ್ತನೇ ಬ್ಲಾಕಿನ ಬಾಡಿಗೆ ಮನೆಯಲ್ಲಿ ಅಮ್ಮ, ಅಕ್ಕ ವಿಮಲ, ನಾನು. ನಾನೊಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಕೆಲಸ ಕಡಿಮೆ, ಮಾತು ಜಾಸ್ತಿ. ಆ ಅಭ್ಯಾಸ ಮನೆಗೂ ಬಂದಿತ್ತು. ಅಕ್ಕ ಸಂಗೀತದ ಮೇಷ್ಟ್ರು. ಬೆಳಿಗ್ಗೆ ಸಂಜೆ ನಮ್ಮ ಹಜಾರದಲ್ಲಿ ಮಕ್ಕಳ ಸರಳೆವರಸೆ, ನಡುವೆ ಎರಡು ಶಾಲೆಗಳಲ್ಲಿ ಪಾಠ. ಹತ್ತು ವರ್ಷ ಹೀಗೆ ದುಡಿದ ಗಂಟಲು ಒಂದು ದಿನ ಕೈಕೊಟ್ಟಿತು. ಒಳಗೆ ಗಂಟು ಕಟ್ಟಿದೆ ಎಂದು ಡಾಕ್ಟರು ಆಪರೇಷನ್ ಮಾಡಿದರು. ಮೂರು ತಿಂಗಳು ಒಂದು ಮಾತೂ ಆಡಕೂಡದು, ಪಿಸುಮಾತು ಕೂಡ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದರು. "ಮತ್ತೆ ಹಾಡಬಹುದಾ?" ಎಂದು ಅಮ್ಮ ಕೇಳಿದ್ದಕ್ಕೆ "ನೋಡೋಣ" ಅಂದರು. ಡಾಕ್ಟರುಗಳ 'ನೋಡೋಣ' ಎಂಥದ್ದೆಂದು ನಿಮಗೂ ಗೊತ್ತಿರಬೇಕು.

ಅಕ್ಕನ ಕೈಗೆ ಸ್ಲೇಟು ಬಳಪ ಬಂತು. ಮಕ್ಕಳು ಬರುವುದು ನಿಂತಿತು. ಮನೆಗೆ ಬಂದವರು ಅವಳಿಗೆ ಕಿವಿಯೂ ಕೇಳಿಸದೆಂಬಂತೆ ನನ್ನನ್ನೇ "ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ನಾನು ಸಂತೋಷವಾಗಿ ಕಾಲು ಗಂಟೆ ಉತ್ತರ ಹೇಳುತ್ತಿದ್ದೆ. ಅವಳು ಸ್ಲೇಟಿನ ಮೇಲೆ ಅರ್ಧ ಬರೆದದ್ದನ್ನು ಒರೆಸಿ ಒಳಗೆ ಹೋಗುತ್ತಿದ್ದಳು.

ಆ ದಿನಗಳಲ್ಲಿ ಅವಳಿಗೆ ಜೊತೆಯಾಗಿದ್ದದ್ದು ಬಚ್ಚಲುಮನೆಯ ಒಂದು ಮರಗಪ್ಪೆ. ಹಂಡೆಯ ಹಿಂದಿನ ಗೋಡೆಯಲ್ಲಿ ಅಂಟಿಕೊಂಡಿರುತ್ತಿತ್ತು. ಮಣ್ಣಿನ ಬಣ್ಣ, ದೊಡ್ಡ ಕಣ್ಣು, ಬೆರಳ ತುದಿಗೆ ಗುಂಡಿ ಹೊಲಿದಂತೆ ದುಂಡನೆಯ ಅಂಟು. ಸಂಜೆಯಾದರೆ ಬಡಗಿ ಮರ ಬಡಿದಂತೆ ಟಕ್ ಟಕ್ ಟಕ್ ಎನ್ನುತ್ತಿತ್ತು. ಅಕ್ಕ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಅಷ್ಟರಲ್ಲಿ ಮನೆಯೊಡೆಯರು ಸುಣ್ಣ ಹೊಡೆಸಿದರು. ಗೋಡೆ ಬೆಳ್ಳಗಾಯಿತು, ಕಪ್ಪೆ ಕಾಣೆಯಾಯಿತು. ಅಕ್ಕ ನಾಲ್ಕು ದಿನ ಸ್ಲೇಟನ್ನೇ ಮುಟ್ಟಲಿಲ್ಲ.

ನನಗೆ ಉಪಕಾರಬುದ್ಧಿ ಬಂದರೆ ತಡೆಯುವವರಿಲ್ಲ. ಭಾನುವಾರ ಮಾರ್ಕೆಟ್ಟಿನ ಕಡೆ ಹೋಗಿ, ಗಿಣಿ, ಪಾರಿವಾಳ ಮಾರುವವನೊಬ್ಬನನ್ನು ವಿಚಾರಿಸಿದೆ. "ಮರಗಪ್ಪೆ ತಾನೇ ಸಾರ್? ಐತೆ. ಮನೇಲೇ ಸಾಕಿದ್ದು, ಗ್ಯಾರಂಟಿ" ಎಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಎರಡನ್ನು ಹಾಕಿ ಕೊಟ್ಟ. ಎಲ್ಲಿ ಸಾಕಿದೆ, ಏನು ತಿನ್ನುತ್ತದೆ ಎಂದು ಕೇಳಲಿಲ್ಲ. ಚಪ್ಪಲಿ ಕೊಳ್ಳುವಾಗಲಾದರೂ ನಾನು ನಾಲ್ಕು ಹೆಜ್ಜೆ ನಡೆದು ನೋಡುತ್ತೇನೆ. ಮಾರನೆಯ ದಿನ ಒಂದು ಸತ್ತಿತ್ತು. ಇನ್ನೊಂದರ ಮೂತಿ ಮಾರುವವನ ಪಂಜರದ ತಂತಿಗೆ ಉಜ್ಜಿ ಉಜ್ಜಿ ಕೆಂಪಗೆ ಹುಣ್ಣಾಗಿತ್ತು, ಹೊಟ್ಟೆ ಬೆನ್ನಿಗಂಟಿತ್ತು. ಅಕ್ಕ ಅದಕ್ಕೆ ಎರಡು ದಿನ ನೀರು ಚಿಮುಕಿಸಿದಳು. ಅದೂ ಹೋಯಿತು. ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದು ಸ್ಲೇಟಿನಲ್ಲಿ ಬರೆದಳು: "ಇವನ್ನ ಎಲ್ಲಿಂದಲೋ ಹಿಡಿದು ತಂದಿದ್ದಾರೆ. ನನ್ನ ಹೆಸರಲ್ಲಿ ಇನ್ನು ಇಂಥದ್ದು ಮಾಡಬೇಡ."

ಕಚೇರಿಯಲ್ಲಿ ಈ ಕಥೆಯನ್ನೂ ಹೇಳಿದೆ, ಅದರಿಂದ ಒಂದು ಉಪಯೋಗವಾಯಿತು. ಬನಶಂಕರಿಯಲ್ಲಿ ನಂಜುಂಡಯ್ಯ ಎಂಬ ನಿವೃತ್ತ ಲ್ಯಾಬ್ ಅಟೆಂಡರ್ ಹಿತ್ತಲಲ್ಲೇ ಮರಗಪ್ಪೆ ಮರಿ ಮಾಡಿಸುತ್ತಾರೆ, ಮನಸ್ಸು ಬಂದರೆ ಕೊಡುತ್ತಾರೆ ಎಂದು ಒಬ್ಬರು ಹೇಳಿದರು. ಅಕ್ಕನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. "ನಾನೇ ನೋಡಿ ತೀರ್ಮಾನ ಮಾಡ್ತೀನಿ" ಎಂದು ಬರೆದು ಹೊರಟಳು. ಆಗ ಬನಶಂಕರಿ ಎರಡನೇ ಹಂತವೆಂದರೆ ನಾಲ್ಕು ಮನೆ, ಎಂಟು ಖಾಲಿ ಸೈಟು, ನಡುವೆ ಬಂಡೆಗಳು. ನಡೆದೇ ಹೋದೆವು.

ನಂಜುಂಡಯ್ಯನವರು ಹಣೆಗೆ ವಿಭೂತಿ ಇಟ್ಟುಕೊಂಡ ತೆಳ್ಳನೆಯ ಮನುಷ್ಯ. ಹಿತ್ತಲಲ್ಲಿ ಸೀಬೆಮರ, ಅದರ ಕೆಳಗೆ ಸಿಮೆಂಟಿನ ತೊಟ್ಟಿ, ಎಲ್ಲಕ್ಕೂ ಸೇರಿ ಸೊಳ್ಳೆಪರದೆಯ ಒಂದು ಕೋಣೆ. ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯಂಥ ಮುದ್ದೆಯೊಂದು ಅಂಟಿಕೊಂಡಿತ್ತು. ಅದೇ ಮೊಟ್ಟೆಯ ಗೂಡು.

"ಮೂವತ್ತು ವರ್ಷ ಕಾಲೇಜಲ್ಲಿ ಹುಡುಗರು ಕುಯ್ಯೋಕೆ ಕಪ್ಪೆ ತಂದ್ಕೊಟ್ಟೆ" ಎಂದರು. "ರಿಟೈರ್ ಆದ್ಮೇಲೆ ಸಾಕೋಣ ಅನ್ನಿಸ್ತು. ಇಲ್ಲಿರೋವೆಲ್ಲ ಇಲ್ಲೇ ಹುಟ್ಟಿದ್ದು. ಇವುಗಳ ಅಜ್ಜಿನೂ ಈ ತೊಟ್ಟೀದೇ." ಎಲೆ ಸರಿಸಿ, ಕಾಲು ಮಡಚಿ ನಿದ್ದೆ ಹೊಡೆಯುತ್ತಿದ್ದ ಒಂದು ಜೋಡಿಯನ್ನು ತೋರಿಸಿದರು. "ಇವೇ ಅಪ್ಪ ಅಮ್ಮ. ಅಪ್ಪ ಅಮ್ಮನ್ನ ತೋರಿಸದೆ ಇರೋನ ಹತ್ರ ಮರಿ ತಗೋಬಾರ್ದು. ಕಣ್ಣು ನಿಚ್ಚಳವಾಗಿರ್ಬೇಕು, ಮೂತೀಲಿ ಗಾಯ ಇರಬಾರ್ದು, ನಿಮ್ಮ ಕಣ್ಣೆದುರಿಗೇ ತಿನ್ಬೇಕು."

ಆಮೇಲೆ ಅಕ್ಕನ ಕಡೆ ತಿರುಗಿ, "ನಿಮಗ್ಯಾಕಮ್ಮ ಬೇಕು?" ಎಂದರು.

ನಾನು ಶುರು ಮಾಡಿದೆ. "ಸಾರ್, ಏನಾಯ್ತು ಅಂದ್ರೆ, ನಮ್ಮಕ್ಕನಿಗೆ ಆಪರೇಷನ್ ಆಗಿ..."

"ಸಾಕೋರು ನೀವಾ?"

"ಅಲ್ಲ, ಅಕ್ಕ. ಆದ್ರೆ ಅವಳು ಮಾತಾಡೋ ಹಾಗಿಲ್ಲ."

"ಕೈಲಿ ಸ್ಲೇಟ್ ಇದೆಯಲ್ಲ" ಎಂದು ಅವರು ಕಲ್ಲಿನ ಮೇಲೆ ಕೂತರು. ಅಕ್ಕ ಬರೆದಳು, ಒರೆಸಿದಳು, ಮತ್ತೆ ಬರೆದಳು. ಬಹಳ ಹೊತ್ತಾಯಿತು. ನನಗೆ ಚಡಪಡಿಕೆ. ಅವರು ಮಾತ್ರ ಬಸ್ಸೂ ಇಲ್ಲ, ಕೆಲಸವೂ ಇಲ್ಲ ಎಂಬಂತೆ ತೊಟ್ಟಿಯ ನೀರು ನೋಡುತ್ತ ಕಾದರು. ಕೊನೆಗೆ ಅವಳು ಸ್ಲೇಟು ಕೊಟ್ಟಳು. "ಅದರ ಶಬ್ದ ಕೇಳಬೇಕು."

ಅವರು ನಿಧಾನವಾಗಿ ಓದಿ ತಲೆಯಾಡಿಸಿದರು. "ನಾನು ಕೊಡೋದು ಈಗಷ್ಟೇ ಬಾಲ ಕರಗಿರೋ ಮರಿ. ಕೂಗೋಕೆ ವರ್ಷ ಆಗ್ತದೆ. ಹೆಣ್ಣಾದ್ರೆ ಗಂಡಿನ ಹಾಗೆ ಕೂಗೋದೇ ಇಲ್ಲ."

ಅಕ್ಕ ಸ್ಲೇಟು ಒರೆಸಿ ಬರೆದಳು: "ಪರವಾಗಿಲ್ಲ. ನಾನೂ ಕೂಗಲ್ಲ."

ನಂಜುಂಡಯ್ಯನವರು ನಕ್ಕರು. ಅಕ್ಕನೂ ನಕ್ಕಳು. ಆಪರೇಷನ್ ಆದಮೇಲೆ ನಾನು ಅವಳ ಹಲ್ಲು ನೋಡಿದ್ದು ಅದೇ ಮೊದಲು.

ಆದರೆ ಮರಿ ಕೊಡಲಿಲ್ಲ. ಮೊದಲು ಅದರ ಊಟ ಬೆಳೆಸಬೇಕು. ಬಾಟಲಿಯಲ್ಲಿ ಕೊಳೆತ ಬಾಳೆಹಣ್ಣಿಟ್ಟು, ಸಣ್ಣ ನೊಣ ಹಿಡಿದು ಬಿಟ್ಟು, ಬಾಯಿಗೆ ತೆಳ್ಳನೆಯ ಮಲ್‌ಬಟ್ಟೆ ಕಟ್ಟಿ, ಎರಡು ವಾರ ಬಿಡದೆ ನೊಣದ ಸಂತಾನ ನಡೆಸಿ ಬರಬೇಕು. "ಊಟ ತಯಾರಿಲ್ದೆ ನೆಂಟರನ್ನ ಕರೀಬಾರ್ದು" ಎಂದು ಕಳಿಸಿಬಿಟ್ಟರು. ಅಮ್ಮನಿಗೆ ಹೇಳಿದಾಗ, "ಹೆಣ್ಣು ನೋಡೋಕೆ ಬಂದೋರೂ ಇಷ್ಟು ಪರೀಕ್ಷೆ ಮಾಡಲ್ಲ" ಎಂದಳು.

ನಮ್ಮ ಮನೆಯಲ್ಲಿ ಹಣ್ಣು ಕೊಳೆಯತೊಡಗಿದ್ದು ಹೀಗೆ. ಮೊದಲ ವಾರ ಚೆನ್ನಾಗಿ ನಡೆಯಿತು. ಎರಡನೇ ವಾರ ಬಾಟಲಿಯ ಬಟ್ಟೆ ಸಡಿಲವಾಗಿ, ನೊಣಗಳು ದೇವರ ಮನೆಗೆ ಹೋಗಿ ಪಂಚಾಮೃತದಲ್ಲಿ ಇಳಿದವು. ಅಮ್ಮ ಬಾಟಲಿಯನ್ನು ಒಯ್ದು ಬೀದಿಯ ಕಸದ ತೊಟ್ಟಿಗೆ ಹಾಕಿದಳು. ಆ ಭಾನುವಾರ ಬನಶಂಕರಿಗೆ ಹೋದಾಗ, "ನೊಣ ಹೇಗಿದಾವೆ?" ಎಂದು ನಂಜುಂಡಯ್ಯನವರು ಕೇಳಿದರು.

"ಸಖತ್ತಾಗಿವೆ ಸಾರ್" ಎಂದೆ ನಾನು. "ಬಾಟ್ಲಿ ತುಂಬಿಹೋಗಿದೆ."

ಅಕ್ಕನ ಬಳಪ ಕಿರ್ ಎಂದಿತು. ಅವಳು ಸ್ಲೇಟನ್ನು ನನ್ನ ಮುಖದ ಮುಂದಿನಿಂದ ದಾಟಿಸಿ ಅವರಿಗೆ ಹಿಡಿದಳು: "ಸುಳ್ಳು. ಅಮ್ಮ ಎಸೆದರು. ಇವತ್ತು ಮರಿ ಬೇಡ. ಮತ್ತೆ ಮೊದಲಿಂದ ಶುರು ಮಾಡ್ತೀನಿ."

ಅವರು ಎರಡು ಸಲ ಓದಿದರು. "ನಿಮಗೆ ಕೊಡ್ತೀನಿ ತಾಯಿ" ಎಂದರು. ನನ್ನ ಕಡೆ ನೋಡಿ ಮೆಲ್ಲಗೆ, "ಇವರ ಕೈಗೆ ಮಾತ್ರ ಕೊಡಲ್ಲ" ಎಂದರು.

ಮತ್ತೆ ಎರಡು ವಾರ ನೊಣ ಬೆಳೆಸಿಕೊಂಡು ಹೊರಟಾಗ ಅಮ್ಮನೂ ಬಂದಳು. ಜಗಳಕ್ಕೇ ಬಂದಿದ್ದಳು. ಆದರೆ ಹೆಬ್ಬೆರಳ ಉಗುರಿನಷ್ಟು ಮರಿಯೊಂದು ನೊಣ ಕಂಡು, ಕತ್ತು ಓರೆ ಮಾಡಿ, ನಾಲಿಗೆ ಚಾಚಿ ನುಂಗಿ, ಕಣ್ಣು ಮುಚ್ಚಿ ಸುಧಾರಿಸಿಕೊಂಡದ್ದನ್ನು ನೋಡಿ, "ಅಯ್ಯೋ, ನಮ್ಮ ಯಜಮಾನರು ಊಟ ಮಾಡಿದ ಹಾಗೇ ಇದೆ" ಎಂದಳು. ನನ್ನ ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಮಾತನ್ನು ಅವಳು ಹೊರಗಿನವರ ಮುಂದೆ ಎತ್ತುತ್ತಲೇ ಇರಲಿಲ್ಲ. ಅಂದೇ ಮರಿ ನಮ್ಮ ಮನೆಗೆ ಬಂತು. ಸೊಳ್ಳೆಪರದೆಯ ಪೆಟ್ಟಿಗೆ ಹೊಲಿದವಳೂ ಅಮ್ಮನೇ.

ಮೂರು ತಿಂಗಳು ಮುಗಿದ ದಿನ ಡಾಕ್ಟರು ನೋಡಿ, ಸಂಜೆಯಿಂದ ಮೆಲ್ಲಗೆ ಒಂದೆರಡು ಮಾತು ಆಡಬಹುದು ಎಂದರು. ಅಮ್ಮ ಹಜಾರದಲ್ಲಿ ದೀಪ ಹಚ್ಚಿದಳು. ಹಳೆಯ ಶಿಷ್ಯೆಯರು ಇಬ್ಬರು ಬಂದು ಕೂತರು. ಷಡ್ಜ ಹಿಡಿಯುತ್ತಾಳೋ, ದೇವರ ಹೆಸರು ಹೇಳುತ್ತಾಳೋ ಎಂದು ಎಲ್ಲರೂ ಕಾಯುತ್ತಿದ್ದೆವು. ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು, ಮರಳು ಕಾಗದದಲ್ಲಿ ಉಜ್ಜಿದಂಥ ದನಿಯಲ್ಲಿ ಕೇಳಿದಳು: "ನೊಣದ ಬಾಟ್ಲಿ ಬಟ್ಟೆ ಬಿಚ್ಚಿದ್ದು ಯಾರು?"

ನಾನೇ. ಅಮ್ಮ ಆಗಲೇ ಅಳುತ್ತಿದ್ದಳು.

ದನಿ ಬಂತು, ಹಾಡು ಬರಲಿಲ್ಲ. ಮಧ್ಯಮದವರೆಗೆ ಹೇಗೋ ಹತ್ತುತ್ತಿದ್ದಳು, ಅಲ್ಲಿಂದ ಮೇಲೆ ಗಾಳಿ ಮಾತ್ರ. ಅಕ್ಕ ಆರು ತಿಂಗಳು ಕಾದು, ವೀಣೆ ಕಲಿತು, ಮತ್ತೆ ಪಾಠ ಶುರು ಮಾಡಿದಳು. ಮರಿ ಹೆಣ್ಣೇ ಆಗಿತ್ತು. ಐದು ವರ್ಷ ಬದುಕಿತು, ಒಮ್ಮೆಯೂ ಟಕ್ ಎನ್ನಲಿಲ್ಲ. ನಂಜುಂಡಯ್ಯನವರು ಇರುವವರೆಗೆ, ಮದುವೆಯಾದ ಮೇಲೂ, ಅಕ್ಕ ಭಾನುವಾರಗಳಂದು ಅವರ ಹಿತ್ತಲಿಗೆ ಹೋಗುತ್ತಿದ್ದಳು. ಮರಿ ಕೇಳಿಕೊಂಡು ಬರುವವರನ್ನು ಅಲ್ಲಿ ಪ್ರಶ್ನೆ ಮಾಡುವ ಕೆಲಸ ಆಮೇಲಾಮೇಲೆ ಅವಳದೇ ಆಯಿತು. ನನ್ನಂಥವರನ್ನು ನೋಡಿದೊಡನೆ ಗುರುತಿಸುತ್ತಿದ್ದಳಂತೆ.

ಅಕ್ಕ ಈಗ ಹನುಮಂತನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. ನಿನ್ನೆ ಇದೆಲ್ಲ ನೆನಪಾಗಿ ಫೋನ್ ಮಾಡಿದೆ. ಮಂಡಿನೋವು, ಮಳೆ, ಮೊಮ್ಮಗನ ಪರೀಕ್ಷೆ ಎಲ್ಲ ಮುಗಿದ ಮೇಲೆ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿಯೇಬಿಟ್ಟೆ. "ಅಕ್ಕಾ, ಹಾಡೋಕೆ ಆಗ್ಲಿಲ್ಲ ಅಂತ ನಿಂಗೆ ಬೇಜಾರಿತ್ತಾ?"

ನನ್ನ ಬಾಯಿಗೆ ಹತ್ತು ಸಮಾಧಾನದ ಮಾತು ಬಂದಿದ್ದವು. ಹೇಗೋ ತಡೆದುಕೊಂಡೆ.

"ಇತ್ತು ಕಣೋ" ಎಂದಳು. "ಈಗ್ಲೂ ಇದೆ. ಆ ಮೂರು ತಿಂಗಳು ನೀವೆಲ್ಲ ನನ್ನ ಪರವಾಗಿ ಮಾತಾಡಿದ್ರಿ. ಅವರೊಬ್ರು ಕಾದ್ರು. ನಾನು ಬರೆದು ಮುಗಿಸೋವರೆಗೂ ಕಾದ್ರು."

"ಈ ಭಾನುವಾರ ಬರ್ತೀನಿ" ಎಂದೆ.

"ಬಾ. ಬಂದು ಸುಮ್ನೆ ಕೂತ್ಕೋ. ವೀಣೆ ನುಡಿಸ್ತೀನಿ."

ಇವತ್ತು ಬೆಳಿಗ್ಗೆಯಿಂದ ಸುಮ್ಮನೆ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಸೊಸೆ ಎರಡು ಸಲ ಬಂದು ಹಣೆ ಮುಟ್ಟಿ ನೋಡಿ ಹೋದಳು.