ಎರಡು ಲಾರಿ ಕಸ

ಬಸ್ಸಿನ ಹಳೇ ಸೀಟು ಬಿಚ್ಚಿದರೆ ಒಳಗಿಂದ ಏನೇನು ಬರುತ್ತದೆ ಅನ್ನೋದು ಆ ಊರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅಗಿದು ಅಂಟಿಸಿದ ಗಮ್ಮು, ಕೂದಲುಂಡೆ, ಯಾವುದೋ ಮಗುವಿನ ವಾಂತಿ ಒಣಗಿ ಚಕ್ಕೆಯಾದದ್ದು, ಒಮ್ಮೆಯಂತೂ ಇಡೀ ಒಂದು ಇಲಿ ಸಂಸಾರ. ಅವಳು ಎಡಗೈಯಲ್ಲಿ ಅದನ್ನೆಲ್ಲ ಬಾಚಿ ಬುಟ್ಟಿಗೆ ಹಾಕುವಾಗ ಬಲಗೈಯಲ್ಲಿ ಟೀ ಲೋಟ ಹಿಡಿದಿರುತ್ತಿದ್ದಳು. ನೋಡುವವರ ಹೊಟ್ಟೆ ತೊಳಸುತ್ತಿತ್ತೇ ಹೊರತು ಅವಳದ್ದಲ್ಲ.

ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ದಬ್ಬಳ. ರೆಕ್ಸಿನ್ ಹೊಲಿಯುವ ಗೇಣುದ್ದದ ಸೂಜಿ ಯಾವಾಗಲೂ ಭುಜದ ಹತ್ತಿರ ಬಟ್ಟೆಗೆ ಚುಚ್ಚಿರುತ್ತಿದ್ದದ್ದು ಅದಕ್ಕೆ ಒಂದು ಕಾರಣ. ಇನ್ನೊಂದು ಅವಳ ನಾಲಿಗೆ. ಅಂಗಡಿಯ ಮುಂಬಾಗಿಲು ಬೀದಿಗೆ, ಹಿಂಬಾಗಿಲು ನದಿಗೆ. ನಡುವಿನ ಉದ್ದನೆಯ ಕೋಣೆಯಲ್ಲಿ ಗೋಡೆಗೊರಗಿಸಿದ ಸೀಟಿನ ಚೌಕಟ್ಟುಗಳು, ಸುರುಳಿ ಸುತ್ತಿದ ಫೋಮು, ಅಂಟಿನ ಡಬ್ಬ, ಎರಡು ಹೊಲಿಗೆ ಮೆಷಿನ್ನು. ಮೊದಲು ಬಸ್ ಓಡಿಸುತ್ತಿದ್ದ ಗಂಡ ಮಂಡಿ ಕೈಕೊಟ್ಟ ಮೇಲೆ ಅಲ್ಲೇ ಸ್ಟೂಲ್ ಹಾಕಿಕೊಂಡು, ರೇಡಿಯೋ ಕೇಳುತ್ತ ಫೋಮು ಕತ್ತರಿಸಿಕೊಡುತ್ತಿದ್ದ.

ಶುರುವಾದದ್ದು ವ್ಯಾಪಾರದಿಂದಲೇ. ಒಬ್ಬ ಬಸ್ ಮಾಲೀಕ ಹೊಸದಾಗಿ ಹೊಲಿಸಿದ್ದ ಕವರುಗಳನ್ನೆಲ್ಲ ತಂದು ಮೆಟ್ಟಿಲ ಮೇಲೆ ಕುಕ್ಕಿದ.

"ಅಕ್ಕ, ಹೊಲಿಗೆ ಚೆನ್ನಾಗಿದೆ. ಆದ್ರೆ ಕೂತ್ರೆ ಚರಂಡಿ ವಾಸನೆ. ಸೀಟು ಖಾಲಿ ಇದ್ರೂ ಪ್ಯಾಸೆಂಜರ್ ನಿಂತ್ಕೊಂಡು ಬರ್ತಾರೆ."

ಅವಳು ಕವರು ಮೂಸಿ ನೋಡಿದಳು. ನಿಜ. ವಾಸನೆ ಹಿಂಬಾಗಿಲಿನಿಂದ ಬಂದು ಬಟ್ಟೆಗೆ ಹತ್ತಿತ್ತು. ಊರಿನವರು ಬೇಡವಾದದ್ದೆಲ್ಲ ತಂದು ಸುರಿಯುವುದು ಅಲ್ಲೇ. ಆ ಭಾನುವಾರ ಒಂದು ಗೋಣಿಚೀಲ ಹಿಡಿದು ತನ್ನ ಬಾಗಿಲ ಹಿಂದಿನ ಜಾಗವನ್ನಷ್ಟೇ ಚೊಕ್ಕ ಮಾಡೋಣ ಅಂತ ಇಳಿದಳು. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಹಿಂದಿನದನ್ನೂ ಮುಗಿಸಿದ್ದಳು. ಅರ್ಧಕ್ಕೇ ಬಿಟ್ಟು ಬರುವ ಜಾಯಮಾನ ಅವಳದ್ದಲ್ಲ.

ಮುಂದಿನ ವಾರ ನರ್ಸಮ್ಮ ಬಂದರು. ಎದುರು ಬೀದಿಯವರು, ಆಸ್ಪತ್ರೆಯಿಂದ ರಿಟೈರ್ ಆದವರು. ಅವಳ ಬರಿಗೈ ನೋಡಿ, "ಸೂಜಿ ಗೀಜಿ ಚುಚ್ಚಿದ್ರೆ ಯಾರೇ ಗತಿ ನಿನಗೆ?" ಅಂತ ಬೈದು, ಎರಡು ಜೊತೆ ಕೈಗವಸು ತೆಗೆದರು. ಒಂದನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ತಾವೇ ತೊಟ್ಟರು. ಅವತ್ತಿನಿಂದ ಇಬ್ಬರೂ ಜೋಡಿ. ಬರಬರುತ್ತ ಬೇಕರಿಯವನು, ಮೇಷ್ಟ್ರು, ಕಾಲೇಜಿನ ನಾಲ್ಕು ಹುಡುಗಿಯರೂ ಸೇರಿಕೊಂಡರು. ಒಂದು ವರ್ಷಕ್ಕೂ ಹೆಚ್ಚು ಕಾಲ ಭಾನುವಾರ ಅಂದರೆ ಅವರಿಗೆ ನದಿ ದಂಡೆಯೇ. ಅವಳು ಆ ಕೊಳೆಯನ್ನೆಲ್ಲ ಲೆಕ್ಕಕ್ಕೇ ಇಡಲಿಲ್ಲ. ಹಳೇ ಸೀಟಿಗಿಂತ ಒಂದು ಕೈ ಮೇಲು, ಅಷ್ಟೇ ಅನ್ನುತ್ತಿದ್ದಳು.

ಕಸದ ಕೆಳಗೆ ಕಲ್ಲಿನ ಮೆಟ್ಟಿಲುಗಳಿದ್ದವು. ಯಾವ ಕಾಲದವೋ, ಯಾರಿಗೂ ನೆನಪಿರಲಿಲ್ಲ. ಅವು ಮೇಲೆ ಬಂದದ್ದೇ ತಡ, ಮಕ್ಕಳು ಬಂದು ಕಾಲು ಇಳಿಬಿಟ್ಟು ಕೂತವು. ಆಗಲೇ ನರ್ಸಮ್ಮನಿಗೆ ಪಾರ್ಕಿನ ಆಸೆ ಹುಟ್ಟಿದ್ದು. ನಾಲ್ಕು ಬೆಂಚು, ನೆರಳಿಗೊಂದು ಚಪ್ಪರ, ಮಕ್ಕಳು ಈಜು ಕಲಿಯುವುದಕ್ಕೆ ಆಳವಿಲ್ಲದ ಕಡೆ ಒಂದು ಹಗ್ಗದ ಬೇಲಿ. ಮನೆಮನೆ ಸುತ್ತಿದರು, ಬೇಕರಿ ಮುಂದೆ ಡಬ್ಬ ಇಟ್ಟರು, ಅವಳು ಉಳಿದ ರೆಕ್ಸಿನ್ನಿನಲ್ಲಿ ದಿಂಬು ಹೊಲಿದು ಮಾರಿದಳು. ಎಲ್ಲ ಸೇರಿಸಿದರೂ ಅಡಿಪಾಯಕ್ಕೇ ಸಾಲದಾಯಿತು.

ಆಗ ಅವಳ ಅಕ್ಕನ ಗಂಡ ರಂಗಕ್ಕಿಳಿದ. ಭಾವನದ್ದು ಕುರ್ಚಿ, ಮೈಕು, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಊರಲ್ಲಿ ಯಾವ ಸಮಾರಂಭವಾದರೂ ಅವನ ಕುರ್ಚಿ, ಅವನ ಹಲ್ಲೋ ಹಲ್ಲೋ. ಸಮಿತಿ ಅಂತ ಒಂದನ್ನು ಕಟ್ಟಿ ತಾನೇ ಅಧ್ಯಕ್ಷನಾದ. ಅವಳಿಗೇನೂ ಬೇಜಾರಾಗಲಿಲ್ಲ. ಮಾತಾಡಿ ಕೆಲಸ ಮಾಡಿಸುವವರೂ ಬೇಕಲ್ಲ ಅಂದುಕೊಂಡಳು. ಕೆಲವೇ ತಿಂಗಳಲ್ಲಿ ಅವನು ಒಂದು ದೊಡ್ಡ ಕಂಪನಿಯನ್ನು ಒಪ್ಪಿಸಿ ಬಂದ. ಪಾರ್ಕಿನ ಪೂರ್ತಿ ಖರ್ಚು ಅವರದ್ದು. ಒಂದೇ ಷರತ್ತು: ಕಂಪನಿಯ ಸಾಹೇಬರು ಒಂದು ದಿನ ಬಂದು ಊರಿನವರ ಜೊತೆ ದಂಡೆ ಸ್ವಚ್ಛ ಮಾಡಬೇಕು, ಫೋಟೋ ಆಗಬೇಕು.

ಆ ದಿನ ಬೆಳಗ್ಗೆ ಅವಳು ಬೇಗನೇ ಎದ್ದು, ಬಂದವರಿಗೆಲ್ಲ ಕೊಡಲು ದೊಡ್ಡ ಕೆಟಲಿನಲ್ಲಿ ಟೀ ಕಾಯಿಸಿ ಹಿಂಬಾಗಿಲು ತೆಗೆದಳು. ಮೂಗಿಗೆ ಹಳೇ ವಾಸನೆ ಹೊಡೆಯಿತು.

ಮುನಿಸಿಪಾಲಿಟಿಯ ಕಸದ ಲಾರಿಯೊಂದು ಮೆಟ್ಟಿಲ ತಲೆಗೆ ಹಿಮ್ಮುಖವಾಗಿ ನಿಂತು ಹೊಟ್ಟೆ ಎತ್ತಿತ್ತು. ಅದಾಗಲೇ ಒಂದು ಲೋಡು ಬಿದ್ದಾಗಿತ್ತು, ಇದು ಎರಡನೆಯದು. ಕೊಳೆತ ತರಕಾರಿ, ಮಕ್ಕಳಿಗೆ ಕಟ್ಟಿ ಬಿಸಾಕಿದ ಡೈಪರು, ಕೋಳಿ ಅಂಗಡಿಯ ಕರುಳು, ಸೀಸೆಗಳು, ಎಲ್ಲ ಜಾರಿ ಜಾರಿ ಮೆಟ್ಟಿಲಿಳಿಯುತ್ತಿದ್ದವು. ಭಾವ ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು, ಕರವಸ್ತ್ರ ಮೂಗಿಗೊತ್ತಿಕೊಂಡು ಡ್ರೈವರನ ಮೇಲೆ ಹಾರಾಡುತ್ತಿದ್ದ.

"ಒಣ ಕಸ ಅಂದಿದ್ದೆ ಕಣಯ್ಯ! ಪೇಪರು, ಬಾಟ್ಲು, ನೀಟಾಗಿರೋದು. ಇದನ್ನ ಸಾಹೇಬ್ರು ಹೇಗೆ ಮುಟ್ತಾರೆ?"

"ಕಸ ಅಂದ್ರೆ ಕಸ ಸಾರ್. ಅದ್ರಲ್ಲಿ ಆರಿಸಿ ಕೊಡೋಕೆ ನಾನೇನು ಹಣ್ಣಿನ ಅಂಗಡಿ ಇಟ್ಟಿದೀನಾ?" ಅಂದ ಡ್ರೈವರ್.

ಅವಳು ಕೆಟಲು ಕೆಳಗಿಟ್ಟಳು.

"ಭಾವ, ಏನಿದು?"

"ಓ, ಎದ್ಯಾ? ನೋಡಮ್ಮ, ಕೂಗಾಡ್ಬೇಡ. ನೀವು ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದೀರ. ಕಸವೇ ಇಲ್ದಿರೋ ಕಡೆ ಕಸ ತೆಗೆಯೋ ಫೋಟೋ ಹೇಗೆ ತೆಗೀತಾರೆ ಹೇಳು? ಒಂದು ಗಂಟೆ ಕೆಲ್ಸ. ಆಮೇಲೆ ಎತ್ತಿಸ್ತೀನಿ."

"ನಾವು ಚೊಕ್ಕ ಮಾಡಿದ ಜಾಗಕ್ಕೇ ತಂದು ಹಾಕೋದಾ?"

"ಇನ್ನೆಲ್ಲಿಗೆ ಹಾಕ್ಲಿ, ಪಾರ್ಕ್ ಆಗೋದು ಇಲ್ಲೇ ತಾನೇ?"

ಮೆಟ್ಟಿಲ ಪಕ್ಕ ಗುಂಪಾಗಿ ನಿಂತಿದ್ದವರಲ್ಲಿ ಅವಳು ನರ್ಸಮ್ಮನ ಕಡೆ ತಿರುಗಿದಳು. ಅವರು ಆಗಲೇ ಕಂಪನಿಯ ಹೆಸರಿದ್ದ ಹಳದಿ ಟೀ ಶರ್ಟು ತೊಟ್ಟು ನಿಂತಿದ್ದರು. ಬೇಕರಿಯವನೂ ತೊಟ್ಟಿದ್ದ, ಮೇಷ್ಟ್ರೂ ತೊಟ್ಟಿದ್ದರು. ಅವಳ ಕಣ್ಣು ತಪ್ಪಿಸಿ ಎಲ್ಲರೂ ನದಿ ನೋಡುತ್ತಿದ್ದರು.

"ನರ್ಸಮ್ಮ, ನಿಮಗೆ ಗೊತ್ತಿತ್ತಾ?"

"ನಿನ್ನೆ ಹೇಳಿದ್ರು. ನಿನಗೆ ಹೇಳಿದ್ರೆ ರಂಪ ಮಾಡ್ತೀಯ ಅಂತ..." ಅವರು ಟೀ ಶರ್ಟಿನ ಅಂಚು ಎಳೆದುಕೊಂಡರು. "ಒಂದೇ ದಿನ ಕಣೇ. ಕಣ್ಮುಚ್ಕೊಂಡು ಕಳೆದುಬಿಡೋಣ."

ಅಷ್ಟರಲ್ಲಿ ಕಾರುಗಳು ಬಂದವು. ಸಾಹೇಬರು ಇಳಿದರು, ಮೊಣಕಾಲವರೆಗೂ ರಬ್ಬರ್ ಬೂಟು, ಮೊಣಕೈವರೆಗೂ ಗ್ಲೌಸು. ಭಾವ ಮುಂಚೆಯೇ ಆರಿಸಿ ಒರೆಸಿಟ್ಟಿದ್ದ ಒಂದು ಸೀಸೆಯನ್ನು ಬಗ್ಗಿ ಎತ್ತಿದರು. ಫೋಟೋದವನು, "ಸಾರ್, ಇನ್ನೊಂದ್ಸಲ" ಅಂದ. ಸೀಸೆಯನ್ನು ವಾಪಸ್ಸು ಕಸದೊಳಗಿಟ್ಟು ಮತ್ತೆ ಎತ್ತಿದರು. ಬಿಸಿಲು ಮುಖಕ್ಕೆ ಬೀಳುತ್ತಿಲ್ಲ ಅಂತ ಮೂರನೇ ಸಲವೂ ಆಯಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಒಂದು ವರ್ಷ ಅವಳ ಜೊತೆ ಅದೇ ಮೆಟ್ಟಿಲು ತಿಕ್ಕಿದ ಕೈಗಳು.

ಅವಳಿಗೆ ತಡೆಯಲಾಗಲಿಲ್ಲ. ಸೀದಾ ಹೋಗಿ ಸಾಹೇಬರ ಮುಂದೆ ನಿಂತಳು.

"ಸ್ವಾಮಿ, ಈ ಕಸ ಇಲ್ಲಿದ್ದದ್ದಲ್ಲ. ಇವತ್ತು ಬೆಳಗ್ಗೆ ಲಾರೀಲಿ ತಂದು ಸುರಿದಿದ್ದು. ನಿನ್ನೆ ಬಂದಿದ್ರೆ ಇಲ್ಲಿ ಒಂದು ಕಡ್ಡಿ ಕೂಡ ಸಿಗ್ತಿರಲಿಲ್ಲ."

ಭಾವನ ಮುಖ ಸುಣ್ಣದ ಹಾಗಾಯಿತು. ಆದರೆ ಸಾಹೇಬರು ಒಂಚೂರೂ ಬೆಚ್ಚಲಿಲ್ಲ. ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ನಕ್ಕರು.

"ಗೊತ್ತಮ್ಮ. ಹೋದ ಕಡೆಯೆಲ್ಲ ಹೀಗೇ ಮಾಡ್ತಾರೆ. ನಮಗೂ ಫೋಟೋ ಬೇಕಲ್ವಾ? ಹೋದ ತಿಂಗಳು ಇನ್ನೊಂದೂರಲ್ಲಿ ಇದಕ್ಕಿಂತ ಒಳ್ಳೇ ಕಸ ಹಾಕಿದ್ರು."

ಹೇಳಿ, ಪಕ್ಕದವರ ಕಡೆ ತಿರುಗಿ ಮತ್ತೆ ನಕ್ಕರು. ಭಾವನಿಗೆ ಹೋದ ಜೀವ ಬಂದಂತಾಗಿ ಅವನೂ ಹಲ್ಲು ಕಿರಿದ. ಮೇಷ್ಟ್ರೂ ನಕ್ಕರು. ಅಂದರೆ ಅಲ್ಲಿ ಯಾರಿಗೂ ಯಾರೂ ಮೋಸ ಮಾಡಿರಲಿಲ್ಲ. ಎಲ್ಲರಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಗ್ಗಿ ಏಳುತ್ತಿದ್ದರು. ಕೋಪ ಬಂದಿದ್ದರೆ ಅವಳು ಜಗಳಾಡುತ್ತಿದ್ದಳು, ಅದು ಅವಳಿಗೆ ಬರುವ ವಿದ್ಯೆ. ಬಂದದ್ದು ಕೋಪವಲ್ಲ. ಒಳಗೆ ಓಡಿ, ನೀರಿನ ತೊಟ್ಟಿಯ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡಳು. ಗಂಡ ಗಾಬರಿಯಾಗಿ ಸ್ಟೂಲಿನಿಂದ ಎದ್ದ. ಮದುವೆಯಾದಾಗಿನಿಂದ ಅವಳು ಹೇಸಿಕೊಂಡದ್ದನ್ನು ಅವನು ನೋಡಿದ್ದು ಅದೇ ಮೊದಲು.

"ಏನಾಯ್ತೇ? ಏನು ತಿಂದೆ?"

"ಏನೂ ತಿಂದಿಲ್ಲ ರೀ. ಬಾಗಿಲು ಹಾಕಿ ಮೊದ್ಲು."

ಸಾಹೇಬರು ಹೋದರು. ಆಮೇಲೆ ಎತ್ತಿಸುತ್ತೇನೆ ಅಂದಿದ್ದ ಭಾವ ಲಾರಿ ಸಿಗಲಿಲ್ಲ ಅಂತ ಕೈಚೆಲ್ಲಿದ. ಎರಡು ಲೋಡು ಕಸದ ಮೇಲೆ ಈಗ ಸಾಹೇಬರ ಕಡೆಯವರು ತಿಂಡಿ ತಿಂದ ತಟ್ಟೆಗಳೂ ಬಿದ್ದಿದ್ದವು. ಎಲ್ಲರೂ ಅವಳು ಇಳಿದು ಬರುತ್ತಾಳೆ ಅಂತ ಕಾದರು. ಅವಳು ಬರಲಿಲ್ಲ. ಭಾನುವಾರ ಬಂತು, ಹೋಯಿತು. ಮಳೆ ಬಂದು ಅರ್ಧ ಕಸವನ್ನು ನದಿಗೆ ಎಳೆದುಕೊಂಡು ಹೋಯಿತು. ಉಳಿದದ್ದನ್ನು ನರ್ಸಮ್ಮ, ಕಾಲೇಜು ಹುಡುಗಿಯರು ಸೇರಿ ಎತ್ತಿದರು. ಕಿಟಕಿಯಿಂದ ನೋಡಿದಾಗ ನರ್ಸಮ್ಮ ಸೊಂಟ ಹಿಡಿದುಕೊಂಡು ಏಳುವುದು ಕಂಡಿತು. ಆದರೂ ಕಾಲು ಹೊಸ್ತಿಲು ದಾಟಲಿಲ್ಲ.

ಪಾರ್ಕು ಆಯಿತು. ಚೆನ್ನಾಗಿಯೇ ಆಯಿತು, ಅದೇ ಅವಳಿಗೆ ನುಂಗಲಾರದ ತುತ್ತು. ಗಟ್ಟಿ ಬೆಂಚು, ಒಳ್ಳೇ ನೆರಳು, ನೀರಿಗಿಳಿಯುವಾಗ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಆಳವಿಲ್ಲದ ಕಡೆ ಮಕ್ಕಳು ಬೆಳಗಿನಿಂದ ಸಂಜೆವರೆಗೂ ಕಿರುಚಾಡುತ್ತ ಈಜುತ್ತವೆ. ಮಂಡಿ ನೋವಿನ ಗಂಡ ಕೋಲೂರಿಕೊಂಡು ದಿನಾ ಹೋಗಿ ತನ್ನ ಹಳೇ ಡ್ರೈವರುಗಳ ಜೊತೆ ಇಸ್ಪೀಟು ಆಡಿ, ಮುಖ ಅರಳಿಸಿಕೊಂಡು ಬರುತ್ತಾನೆ. ಅವನಿಗೆ ಬೇಡ ಅನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಗೇಟಿನ ಪಕ್ಕದಲ್ಲಿ ಸಾಹೇಬರು ಸೀಸೆ ಎತ್ತುವ ಆಳೆತ್ತರದ ಫೋಟೋ ಇದೆ.

ಭಾವನ ಹೆಂಡತಿ, ಅವಳ ಸ್ವಂತ ಅಕ್ಕ, ಒಮ್ಮೆ ರಾಜಿ ಮಾಡಿಸಲು ಬಂದಳು. ಫೋಮಿನ ಸುರುಳಿಯ ಮೇಲೆ ಕೂತು ಅರ್ಧ ಗಂಟೆ ಗಂಡನ ಪರ ವಕಾಲತ್ತು ವಹಿಸಿದಳು.

"ನಿನ್ನ ಭಾವ ತನಗೋಸ್ಕರ ಒಂದು ಪೈಸೆ ಮುಟ್ಟಿಲ್ಲ ಕಣೇ. ಮಕ್ಕಳು ಆಡ್ತಿರೋದು ಕಾಣಿಸ್ತಿಲ್ವಾ? ಎರಡು ಲಾರಿ ಕಸಕ್ಕೆ ಇಷ್ಟು ದೊಡ್ಡ ಪಾರ್ಕು ಬಂತಲ್ಲ, ನಷ್ಟ ಏನಾಯ್ತು?"

"ಕಾಣಿಸ್ತಿದೆ ಅಕ್ಕ. ಭಾವ ಕಳ್ಳ ಅಂತ ನಾನೆಲ್ಲಿ ಅಂದೆ?"

"ಮತ್ತೇನು ನಿನ್ನ ತಕರಾರು?"

"ತಕರಾರಿಲ್ಲ. ಅಸಹ್ಯ ಆಗತ್ತೆ, ಅಷ್ಟೇ. ಹೋಗು ಅಂದ್ರೆ ಹೋಗ್ತಿಲ್ಲ, ನಾನೇನು ಮಾಡ್ಲಿ?"

ಅಕ್ಕ ಅಹಂಕಾರ ಅಂತ ಬೈದು ಎದ್ದುಹೋದಳು. ಊರಿನ ಮಾತೂ ಅದೇ ಆಯಿತು: ದಬ್ಬಳಕ್ಕೆ ಹೆಸರು ಬರಲಿಲ್ಲ ಅಂತ ಹೊಟ್ಟೆಕಿಚ್ಚು.

ಚಳಿಗಾಲದಲ್ಲಿ ನರ್ಸಮ್ಮ ಹರಿದ ಕುರ್ಚಿಯ ದಿಂಬೊಂದನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದರು. ಅವಳು ದಿಂಬು ತೆಗೆದುಕೊಂಡು ಹೊಲಿಗೆ ಬಿಚ್ಚಿದಳು. ಅವರು ಅಲ್ಲೇ ಕೂತರು.

"ನಿನಗೆ ಮುಂಚೆ ಹೇಳ್ಬೇಕಿತ್ತು," ಅಂದರು ಕಡೆಗೆ.

"ಹೇಳಿದ್ರೆ ರಂಪ ಮಾಡ್ತಿದ್ದೆ."

"ಮಾಡಿದ್ರೆ ನಾನೂ ನಿನ್ನ ಜೊತೆ ನಿಲ್ಬೇಕಾಗ್ತಿತ್ತು. ಅದಕ್ಕೇ ಹೇಳಲಿಲ್ಲ."

ಅವಳು ಬಿಚ್ಚುತ್ತಿದ್ದ ದಿಂಬನ್ನು ಪಕ್ಕಕ್ಕಿಟ್ಟಳು. ಆಮೇಲೆ ಗಂಡನನ್ನು ಕರೆದು ಎರಡು ಲೋಟ ಟೀ ತರಲು ಹೇಳಿದಳು. ಈಗ ನರ್ಸಮ್ಮ ವಾರಕ್ಕೊಮ್ಮೆಯಾದರೂ ಬರುತ್ತಾರೆ. ಸೊಂಟ ನೋವು, ಬಟ್ಟೆಯ ರೇಟು, ಮೇಷ್ಟ್ರ ಮಗಳ ಮದುವೆ, ಎಲ್ಲ ಮಾತೂ ಆಗುತ್ತದೆ. ನದಿಯ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.